ಗ್ಯಾನ ಬಂತು

ಕೆ.ಆರ್. ಪೇಟೆಯ ಒಂದು ಲ್ಯಾಬಿನ ಮುಂದೆ ಬೆಳಗಿನ ಸಾಲು. ರಕ್ತ ಕೊಡಲೆಂದು ರಾತ್ರಿಯಿಂದ ಏನೂ ತಿನ್ನದೆ ಬಂದಿದ್ದ ಅಜ್ಜಿಯೊಬ್ಬರು ನಿಂತಲ್ಲೇ ಕುಸಿದರು. ಮಗಳು ಮುಖಕ್ಕೆ ನೀರು ಚಿಮುಕಿಸಿ ಸೆರಗಿನಲ್ಲಿ ಗಾಳಿ ಹಾಕಿದಳು. ಅಜ್ಜಿ ಕಣ್ಣು ಬಿಟ್ಟರು. "ಗ್ಯಾನ ಬಂತು ಕನಣ್ಣ, ಒಸಿ ಗಾಳಿ ಬುಡಿ" ಎನ್ನುತ್ತ ಮಗಳು ನಮ್ಮನ್ನೆಲ್ಲ ಸರಿಸಿದಳು. ಸರಿದು ನಿಂತಾಗ ಬಾಗಿಲ ಮೇಲಿನ ಬೋರ್ಡು ಕಣ್ಣಿಗೆ ಬಿತ್ತು: ಡಯಾಗ್ನೋಸ್ಟಿಕ್ ಸೆಂಟರ್.

ಆ ಬೋರ್ಡಿನೊಳಗಿನ 'ಗ್ನೋ' ಮತ್ತು ಆ ಮಗಳ ಬಾಯಿಂದ ಬಂದ 'ಗ್ಯಾನ' ಒಂದೇ ಬೇರಿನ ಎರಡು ಚಿಗುರು. ಸಂಸ್ಕೃತದ ಜ್ಞಾನ, ಗ್ರೀಕಿನ ಗ್ನೋಸಿಸ್, ಇಂಗ್ಲಿಷಿನ 'ನೋ' ಮೂರೂ 'ತಿಳಿ' ಎಂಬರ್ಥದ ಒಂದೇ ಹಳೆಯ ಧಾತುವಿನಿಂದ ಕವಲೊಡೆದವು. 1869ರಲ್ಲಿ ಥಾಮಸ್ ಹಕ್ಸ್‌ಲಿ ಟಂಕಿಸಿದ 'ಆಗ್ನಾಸ್ಟಿಕ್' ಪದವನ್ನು ನಾವು 'ಅಜ್ಞೇಯತಾವಾದಿ' ಎಂದು ಕನ್ನಡಿಸಿದಾಗ ಆ ಬೇರಿನ ಎರಡು ಕವಲುಗಳು ಮತ್ತೆ ಮುಖಾಮುಖಿಯಾದವು.

ಪಾಂಡವಪುರ, ನಾಗಮಂಗಲದ ಹಳ್ಳಿಗಳಲ್ಲಿ ಗ್ಯಾನಕ್ಕೆ ಪುಸ್ತಕದ ವಾಸನೆ ಇಲ್ಲ. ಪುಸ್ತಕದ್ದಕ್ಕೆ ಓದು, ವಿದ್ಯೆ ಎಂಬ ಬೇರೆ ಮಾತುಗಳಿವೆ. ಬೀಗದ ಕೈ ಎಲ್ಲಿಟ್ಟೆ ಎಂದು ಕೇಳಿದರೆ "ಗ್ಯಾನವೇ ಇಲ್ಲ ಕನ್ ಮಗ" ಎನ್ನುತ್ತಾರೆ; ಅಲ್ಲಿ ಗ್ಯಾನವೆಂದರೆ ನೆನಪು. ಕೂಗಿದರೂ ಓಗೊಡದವನನ್ನು "ಯಾವ ಗ್ಯಾನದಲ್ಲಿದ್ದೀಯಲಾ?" ಎಂದು ಕೇಳುತ್ತಾರೆ, ಅಲ್ಲಿ ಅದು ಗಮನ. ಬಿದ್ದವರಿಗೆ ಗ್ಯಾನ ತಪ್ಪುತ್ತದೆ, ಎದ್ದವರಿಗೆ ಬರುತ್ತದೆ; ಅಲ್ಲಿ ಅದು ಎಚ್ಚರ. ನೆನಪು, ಗಮನ, ಎಚ್ಚರ ಮೂರನ್ನೂ ಒಂದೇ ಮಡಿಲಲ್ಲಿ ಇಟ್ಟುಕೊಂಡ ಈ ಮಾತನ್ನು ಅಪಭ್ರಂಶವೆಂದು ತಿದ್ದುವವರಿದ್ದಾರೆ. ತಿದ್ದುವ ಮೊದಲು ಅದರ ಗ್ರೀಕ್ ದಾಯಾದಿಯ ಕಥೆಯನ್ನು ಕೇಳಬೇಕು.

ಕ್ರಿಸ್ತಶಕ 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯ, ರೋಮ್, ಸಿರಿಯಾಗಳಲ್ಲಿ ಕ್ರಿಸ್ತನನ್ನು ನಂಬಿದ ಕೆಲವು ಗುಂಪುಗಳು ಬಿಡುಗಡೆಯನ್ನು ಗ್ನೋಸಿಸ್ ಎಂದು ಕರೆದವು. ಅವರೆಲ್ಲ ಒಂದೇ ಮಾತು ಹೇಳಲಿಲ್ಲ. ಆದರೂ ಹಲವರ ನಂಬಿಕೆಯ ತಿರುಳು ಹೀಗಿತ್ತು: ಪರಮ ದೇವರು ಈ ಲೋಕಕ್ಕೆ ಆಚೆಗಿದ್ದಾನೆ, ಲೋಕವನ್ನು ಮಾಡಿದವನು ಅವನಿಗಿಂತ ಕೆಳಗಿನ, ತಾನೇ ಎಲ್ಲ ಎಂದು ಬೀಗಿದ ಒಂದು ಶಕ್ತಿ, ಮೇಲಿನ ಬೆಳಕಿನ ಕಿಡಿ ಮನುಷ್ಯನೊಳಗೆ ಸಿಕ್ಕಿಕೊಂಡು ತನ್ನ ಊರನ್ನು ಮರೆತು ಮಲಗಿದೆ. ಕ್ರಿಸ್ತ ಬಂದದ್ದು ಅದನ್ನು ಎಬ್ಬಿಸಲು. ಎಚ್ಚರವಾಯಿತೆಂದರೆ, ಎಲ್ಲಿಂದ ಬಂದೆನೆಂಬ ನೆನಪಾಯಿತೆಂದರೆ, ಅದೇ ಗ್ನೋಸಿಸ್.

ಇವರನ್ನು ಆ ಕಾಲದ ಕ್ರೈಸ್ತ ಸಭೆಯಿಂದ ಬೇರೆಯಾಗಿ ನೋಡಲಾಗದು. ಇವರಲ್ಲೊಬ್ಬನಾದ, 140ರ ಸುಮಾರಿಗೆ ರೋಮಿಗೆ ಬಂದ ವ್ಯಾಲೆಂಟಿನಸ್ ಅಲ್ಲಿನ ಕ್ರೈಸ್ತರ ನಡುವೆಯೇ ಕಲಿಸಿದ. ಒಂದು ಹಂತದಲ್ಲಿ ಬಿಷಪ್ ಆಗುವ ಆಸೆಯಿತ್ತೆಂದು ಅವನ ಎದುರಾಳಿ ಟರ್ಟುಲಿಯನ್ನನೇ ಬರೆದಿದ್ದಾನೆ. ಜಗಳ ನಡೆದದ್ದು ಒಂದೇ ಮನೆಯೊಳಗೆ, ಒಂದೇ ಪದಕ್ಕಾಗಿ. 180ರ ಸುಮಾರಿಗೆ ಲಿಯಾನ್ ನಗರದ ಬಿಷಪ್ ಐರೇನಿಯಸ್ ಐದು ಸಂಪುಟಗಳಲ್ಲಿ ಇವರನ್ನು ಖಂಡಿಸಿದಾಗ ಅವರದು ಹೆಸರಿಗಷ್ಟೇ ಜ್ಞಾನ ಎಂದ. ಆದರೆ ಪದವನ್ನು ಬಿಟ್ಟುಕೊಡಲು ಸಭೆಗೆ ಮನಸ್ಸಿರಲಿಲ್ಲ. ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಅದೇ ಕಾಲದಲ್ಲಿ, ಮಾಗಿದ ಕ್ರೈಸ್ತನೇ ನಿಜವಾದ ಗ್ನಾಸ್ಟಿಕ್ ಎಂದು ಬರೆದ. ಆ ಗುಂಪುಗಳನ್ನೆಲ್ಲ ಕಟ್ಟಿಡುವ 'ಗ್ನಾಸ್ಟಿಸಿಸಂ' ಎಂಬ ಹೆಸರು ಹುಟ್ಟಿದ್ದು ಎಷ್ಟೋ ತಡವಾಗಿ, 17ನೇ ಶತಮಾನದ ಇಂಗ್ಲೆಂಡಿನಲ್ಲಿ.

ಗೆದ್ದವರ ಪುಸ್ತಕಗಳು ಉಳಿದವು; ಸೋತವರ ಮಾತು ಗೆದ್ದವರ ಖಂಡನೆಯೊಳಗೆ ಚೂರುಚೂರಾಗಿ ಉಳಿಯಿತು. 1945ರ ಡಿಸೆಂಬರಿನಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ರೈತರು ಹೊಲಕ್ಕೆ ಗೊಬ್ಬರದ ಮಣ್ಣು ಅಗೆಯುತ್ತಿದ್ದರು, ಬೇಸಿಗೆಯಲ್ಲಿ ಬತ್ತಿದ ಕೆರೆಯಿಂದ ನಮ್ಮವರು ಗೋಡುಮಣ್ಣು ಹೇರುವ ಹಾಗೆ. ಗುದ್ದಲಿಗೆ ಒಂದು ಗುಡಾಣ ತಗುಲಿತು. ಒಳಗಿದ್ದದ್ದು ಕಾಪ್ಟಿಕ್ ಭಾಷೆಯ ಹದಿಮೂರು ಹೊತ್ತಗೆಗಳು, ಐವತ್ತಕ್ಕೂ ಮಿಕ್ಕಿದ ಕೃತಿಗಳು. ಗುಡಾಣ ಸಿಕ್ಕಿದವನ ತಾಯಿ ಕೆಲವು ಹಾಳೆಗಳನ್ನು ಒಲೆಗೆ ಹಾಕಿದಳಂತೆ. ಉಳಿದವು ಕೈರೋದ ಕಾಪ್ಟಿಕ್ ಮ್ಯೂಸಿಯಂ ಸೇರಿದವು. 367ರಲ್ಲಿ ಬಿಷಪ್ ಅಥನೇಸಿಯಸ್ ಒಪ್ಪಿತ ಗ್ರಂಥಗಳ ಪಟ್ಟಿ ಕೊಟ್ಟು ಬೇರೆಯವನ್ನು ದೂರವಿಡಿ ಎಂದಾಗ, ಅವನ್ನು ಸುಡಲು ಮನಸ್ಸು ಬಾರದ ಯಾರೋ ಹೂತಿಟ್ಟಿರಬೇಕೆಂದು ಹಲವು ವಿದ್ವಾಂಸರ ಊಹೆ. ಆ ಅನಾಮಿಕ ಕೈಗಳಿಗೆ ನಾನು ಋಣಿ. ಒಪ್ಪದ ಮಾತನ್ನೂ ಮಣ್ಣಿನಲ್ಲಿ ಜೋಪಾನ ಮಾಡುವವರಿಲ್ಲದಿದ್ದರೆ ಒಂದು ಪದದ ಅರ್ಧ ಬದುಕು ನಮಗೆ ಕಾಣುತ್ತಲೇ ಇರಲಿಲ್ಲ.

ಗ್ನೋಸಿಸ್‌ನ ಆ ಗುಂಪುಗಳ ಭಾವಕ್ಕೆ ತೀರ ಹತ್ತಿರದ ಒಂದು ಕಥನಗೀತೆ, ಅಪೊಸ್ತಲ ತೋಮನು ಭಾರತಕ್ಕೆ ಬಂದ ಕಥೆ ಹೇಳುವ 3ನೇ ಶತಮಾನದ ಸಿರಿಯಾಕ್ ಗ್ರಂಥದಲ್ಲಿದೆ. ಮೂಡಣ ದೇಶದ ರಾಜಕುಮಾರನೊಬ್ಬನನ್ನು ಸರ್ಪ ಕಾಯುವ ಮುತ್ತನ್ನು ತರಲು ಈಜಿಪ್ಟಿಗೆ ಕಳಿಸುತ್ತಾರೆ. ಅಲ್ಲಿಯವರ ಊಟ ಉಂಡು ಅವನು ತನ್ನ ಮನೆ, ಬಂದ ಕೆಲಸ ಎಲ್ಲವನ್ನೂ ಮರೆತು ನಿದ್ದೆ ಹೋಗುತ್ತಾನೆ. ತಂದೆತಾಯಿ ಬರೆದ ಕಾಗದ ಹದ್ದಾಗಿ ಹಾರಿ ಬಂದು ದನಿ ಮಾಡುತ್ತದೆ. ಅವನು ಎದ್ದು, ತಾನು ಯಾರ ಮಗನೆಂದು ನೆನೆದು, ಮುತ್ತು ತೆಗೆದುಕೊಂಡು ಊರಿಗೆ ಹೊರಡುತ್ತಾನೆ. ಈ ಕಥೆಯನ್ನು ನಮ್ಮ ಕಡೆಯವರಿಗೆ ಹೇಳಿದರೆ ಆ ಎಚ್ಚರದ ಗಳಿಗೆಗೆ ಅವರು ಹುಡುಕಾಡದೆ ಇಡುವ ಹೆಸರು 'ಗ್ಯಾನ ಬಂತು'. ಜ್ಞಾನೋದಯವೆಂದರೆ ದೂರದ ಮಾತಾಗುತ್ತದೆ, ತಿಳಿವಳಿಕೆಯೆಂದರೆ ಸಾಲದಾಗುತ್ತದೆ.

ಕಾವೇರಿಯ ದಡದಲ್ಲಿ ಈ ಪದಕ್ಕೆ ಇನ್ನೊಂದು ಬಾಳು ಸಿಕ್ಕಿದೆ. ಕನ್ನಡದ ಕಥೋಲಿಕರು ಮಗುವಿನ ತಲೆಗೆ ಪವಿತ್ರ ಜಲ ಹಾಕಿ ಸಭೆಗೆ ಸೇರಿಸುವ ಸಂಸ್ಕಾರವನ್ನು ಜ್ಞಾನಸ್ನಾನ ಎನ್ನುತ್ತಾರೆ. ತಮಿಳು ಕ್ರೈಸ್ತರದೂ ಅದೇ ಮಾತು. ಮದುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಬರೆದ ಧರ್ಮೋಪದೇಶದ ಗ್ರಂಥಕ್ಕೂ ಜ್ಞಾನೋಪದೇಶವೆಂದೇ ಹೆಸರು. ಅವನ ದಾರಿ ಹಿಡಿದ ಇಟಲಿಯ ಜೆಸ್ವಿತ್ ಲಿಯೊನಾರ್ಡೊ ಚಿನ್ನಮಿ 17ನೇ ಶತಮಾನದ ನಡುವಿನಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಆರಂಭಿಸಿ ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಚದುರಿದ್ದ ಕ್ರೈಸ್ತರನ್ನು ಕೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್. ಗಂಜಾಂನ ಚರ್ಚು ಇಂದಿಗೂ ಅವರ ಹೆಸರಿನಲ್ಲೇ ಗುರುತಾಗಿದೆ.

ಗ್ನೋಸಿಸ್ ಬಗ್ಗೆ ಅಷ್ಟು ಹೋರಾಡಿದ ಸಭೆಯ ಹೊಸ್ತಿಲಿಗೆ ನಮ್ಮ ನೆಲದಲ್ಲಿ ಅದೇ ಬೇರಿನ ಪದ ಬಂದು ನಿಂತದ್ದನ್ನು ನೆನೆದಾಗಲೆಲ್ಲ ಮನಸ್ಸು ತುಂಬುತ್ತದೆ. ಅದು ತಪ್ಪಿ ಬಂದದ್ದೂ ಅಲ್ಲ. 2ನೇ ಶತಮಾನದ ಕ್ರೈಸ್ತ ಬರಹಗಾರ ಜಸ್ಟಿನ್ ಈ ಸ್ನಾನಕ್ಕೆ 'ಬೆಳಕು ಕಾಣುವುದು' ಎಂಬ ಹೆಸರಿದೆಯೆಂದು ಬರೆದಿದ್ದಾನೆ. ಎಚ್ಚರವೇ ಹೊಸ ಹುಟ್ಟು ಎಂಬಲ್ಲಿ ಜಗಳವಾಡಿದ ಇಬ್ಬರೂ ಒಂದೇ ಕಡೆ ಇದ್ದರು.

ಬೇರೆಯಾದದ್ದು, ಯಾರಿಗೆ ಎಚ್ಚರವಾದೀತು ಎಂಬಲ್ಲಿ. ವ್ಯಾಲೆಂಟಿನಸ್‌ನ ಶಿಷ್ಯರು ಮನುಷ್ಯರನ್ನು ಮೂರು ಬಗೆ ಮಾಡಿದರು: ಆತ್ಮದವರು, ಮನಸ್ಸಿನವರು, ಬರೀ ಮಣ್ಣಿನವರು. ಮಣ್ಣಿನವರಿಗೆ ಬಿಡುಗಡೆಯೇ ಇಲ್ಲ. ಗುಟ್ಟಿನ ಉಪದೇಶ ಆಯ್ದವರಿಗೆ ಮಾತ್ರ. ಐರೇನಿಯಸ್ ಹಟದಿಂದ ಹೇಳಿದ್ದು, ಅಪೊಸ್ತಲರು ಕಲಿಸಿದ್ದನ್ನು ಎಲ್ಲರೆದುರು ಕಲಿಸಿದರು, ಬಚ್ಚಿಟ್ಟದ್ದು ಏನೂ ಇಲ್ಲ ಎಂದು. ಈ ಒಂದು ವಿಷಯದಲ್ಲಿ ನಾನು ಅವನ ಪಕ್ಷ. ನನ್ನನ್ನು ಆ ಪಕ್ಷಕ್ಕೆ ಸೇರಿಸಿದ್ದು ಮೇಲುಕೋಟೆ. ಗುರು ಗೋಷ್ಠಿಪೂರ್ಣರು ಗುಟ್ಟಾಗಿ ಕೊಟ್ಟ ಮಂತ್ರವನ್ನು ರಾಮಾನುಜರು ಗೋಪುರ ಹತ್ತಿ ಊರಿಗೆಲ್ಲ ಕೇಳುವಂತೆ ಹೇಳಿದರೆಂದು ಶ್ರೀವೈಷ್ಣವ ಪರಂಪರೆ ನೆನೆಯುತ್ತದೆ. ತಾನೊಬ್ಬ ನರಕಕ್ಕೆ ಹೋದರೂ ಎಲ್ಲರೂ ಉಳಿಯಲಿ ಎಂಬುದು ಅವರ ಲೆಕ್ಕ. ಆ ರಾಮಾನುಜರು ಬಂದು ನೆಲೆಸಿದ ಮೇಲುಕೋಟೆಯ ಬೆಟ್ಟ ಪಾಂಡವಪುರ ತಾಲ್ಲೂಕಿನಲ್ಲಿದೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿಯ ಮುಂದೆ ನಿಂತರೆ ಜೈನರ ಮಾತು ನೆನಪಾಗುತ್ತದೆ: ಜ್ಞಾನ ಹೊರಗಿನಿಂದ ತರುವ ವಸ್ತುವಲ್ಲ, ಜೀವದ ಸ್ವಭಾವವೇ ಅದು, ಕರ್ಮದ ಮುಸುಕು ಸರಿದಷ್ಟೂ ಬೆಳಗುತ್ತದೆ.

ನಮ್ಮ ಹಳ್ಳಿಯ ವ್ಯಾಕರಣವೂ ಇದನ್ನೇ ಹೇಳುತ್ತದೆ. ಗ್ಯಾನ 'ತಪ್ಪುತ್ತದೆ', ಗ್ಯಾನ 'ಬರುತ್ತದೆ'. ತಪ್ಪಬೇಕಾದರೆ ಮೊದಲು ಇದ್ದಿರಬೇಕು. ಗ್ಯಾನವಿಲ್ಲದೆ ಹುಟ್ಟಿದ ಮಣ್ಣಿನ ಮನುಷ್ಯನಿಗೆ ಈ ಮಾತಿನಲ್ಲಿ ಜಾಗವೇ ಇಲ್ಲ. ಬಿದ್ದವರ ಪಕ್ಕ ಕೂತು ನೀರು ಚಿಮುಕಿಸುವವರಿಗೆ ಮಾತ್ರ ಜಾಗವಿದೆ.

ಅಂದು ಆ ಅಜ್ಜಿ ಚೇತರಿಸಿಕೊಂಡು ಬೆಂಚಿನ ಮೇಲೆ ಕೂತು, ಸುತ್ತಲಿನ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿ ಕೊನೆಗೆ ಮಗಳಲ್ಲಿ ಕಣ್ಣು ನಿಲ್ಲಿಸಿದರು. "ನೀನಾ ಮಗ" ಎಂದರು.