ಪಕ್ಷದ ಅಡಿಗೆ, ಸೀಗಿ ಹುಣ್ಣಿಮೆಯ ಅಡಿಗೆ

ಭಾದ್ರಪದ ಮುಗಿಯುತ್ತ ಬಂತೆಂದರೆ ನಮ್ಮ ದಿಲ್‌ಸುಖ್‌ನಗರದ ರಸ್ತೆ ಬದಿಯಲ್ಲಿ ಸೀತಾಫಲದ ಬುಟ್ಟಿಗಳು ಕಾಣಿಸಿಕೊಳ್ಳುತ್ತವೆ. ಸರೂರ್‌ನಗರದ ರೈತು ಬಜಾರಿಗೆ ಹೋದರೆ ಸಿಹಿಗುಂಬಳದ ಹೋಳು, ಹಾಗಲಕಾಯಿ, ಚವಳಿಕಾಯಿ, ಪುಂಡಿಪಲ್ಯ. ಬ್ಯಾಂಕ್ ನೌಕರಿಗೆಂದು ರಾಯಚೂರಿನಿಂದ ಇಲ್ಲಿಗೆ ಬಂದು ಇಪ್ಪತ್ತೈದು ವರ್ಷ ದಾಟಿತು. ಪುಂಡಿಪಲ್ಯಕ್ಕೆ ಗೋಂಗೂರ ಎನ್ನಬೇಕು ಅನ್ನೋದೊಂದು ಬಿಟ್ಟರೆ, ತರಕಾರಿಯ ವಿಷಯದಲ್ಲಿ ಇದು ನನಗೆ ಪರಊರು ಅನ್ನಿಸಿಲ್ಲ. ಅನ್ನಿಸೋದಾದರೂ ಹೇಗೆ? 1956ರ ನವೆಂಬರ್ 1ರವರೆಗೆ ರಾಯಚೂರು, ಗುಲ್ಬರ್ಗಾ, ಬೀದರ್ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿಯಾಗಿತ್ತು.

ಈ ದಿನಗಳಲ್ಲಿ ನಮ್ಮ ಮನೆಯಲ್ಲಿ ಎರಡು ದೊಡ್ಡ ಅಡಿಗೆ. ಒಂದು ಪಿತೃಪಕ್ಷದ್ದು, ಇನ್ನೊಂದು ಸೀಗಿ ಹುಣ್ಣಿಮೆಯದು. ಮಹಾಲಯ ಅಮಾವಾಸ್ಯೆಯಿಂದ ಎಣಿಸಿದರೆ ನಡುವೆ ಹದಿನೈದೇ ದಿನ. ಆದರೆ ಎರಡೂ ಅಡಿಗೆಗಳ ನಡುವೆ ನಾಲ್ಕೈದು ಶತಮಾನಗಳ ಅಂತರ ಇದೆ ಅಂದರೆ ನಂಬುತ್ತೀರಾ?

ನಮ್ಮ ತಾಯಿ ತೀರಿಕೊಂಡ ಮೇಲೆ ಬಂದ ಮೊದಲ ಪಕ್ಷದಂದು ಮಗ ಕೇಳಿದ: "ಅಪ್ಪಾ, ಅಜ್ಜಿಗೆ ಹಸಿಮೆಣಸಿನಕಾಯಿ ಅಂದ್ರ ಪ್ರಾಣ ಇತ್ತು. ಆಕಿ ಎಡಿಗೇ ಯಾಕ ಹಾಕಂಗಿಲ್ಲ?"

ಶಾಸ್ತ್ರ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಎಲೆಯ ಮೇಲಿನ ಪದಾರ್ಥ ಒಂದೊಂದಾಗಿ ನೋಡಿದರೆ ಬೇರೆಯೇ ಉತ್ತರ ಸಿಗುತ್ತದೆ. ಹೆಸರುಬೇಳೆ ತೊವ್ವೆ, ಉದ್ದಿನ ವಡೆ, ಎಳ್ಳುಂಡೆ, ಅಕ್ಕಿ ಪಾಯಸ, ಹಾಗಲಕಾಯಿ, ಬಾಳೆಕಾಯಿ. ಖಾರಕ್ಕೆ ಕರಿಮೆಣಸು ಮಾತ್ರ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ ಒಳಗೇ ಬರುವಂತಿಲ್ಲ. ಈ ಮೂರರ ತವರೂ ಅಮೆರಿಕ ಖಂಡ. ಕೊಲಂಬಸ್ 1492ರಲ್ಲಿ ಅಲ್ಲಿಗೆ ಹೋಗಿ ಮುಟ್ಟುವ ಮೊದಲು ನಮ್ಮ ಪೂರ್ವಜರು ಇವುಗಳ ಮುಖ ನೋಡಿರಲಿಲ್ಲ. ಹಾಗಂತ ನಿಷೇಧವೆಲ್ಲ ಪರದೇಶದ್ದಕ್ಕೇ ಅನ್ನಲೂ ಬಾರದು. ಹಳೆಯ ಕಾಲದಿಂದ ಇಲ್ಲೇ ಇರುವ ಈರುಳ್ಳಿ, ಬೆಳ್ಳುಳ್ಳಿಗೂ ಅಂದು ಪ್ರವೇಶವಿಲ್ಲ. ಊರೂರಿಗೆ, ಮನೆಮನೆಗೆ ಪದ್ಧತಿ ಬೇರೆ. ಆದರೂ ಒಟ್ಟಿನಲ್ಲಿ ಪಕ್ಷದ ಅಡಿಗೆಮನೆ ಹಳೆಯ ಅಡಿಗೆಮನೆಯನ್ನು ಹಾಗೇ ಕಾಪಾಡಿಕೊಂಡು ಬಂದಿದೆ.

ಬೇಕಾದರೆ ಹಳೆಯ ದಾಖಲೆ ನೋಡಿ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅಡಿಗೆಯ ವಿವರ ಧಾರಾಳವಾಗಿದೆ. ಅವನ ರಾಜಧಾನಿ ಕಲ್ಯಾಣ, ಅಂದರೆ ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣ. ಇಡ್ಲಿ, ದೋಸೆಗಳ ಪೂರ್ವಜರು ಅಲ್ಲಿದ್ದಾರೆ, ಇಂಗು, ಜೀರಿಗೆ, ಕರಿಮೆಣಸು ಇವೆ. ಮೆಣಸಿನಕಾಯಿ ಇಲ್ಲ!

ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. 1520ರಲ್ಲಿ ಕೃಷ್ಣದೇವರಾಯ ನಮ್ಮ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಕಡೆ ಪೋರ್ಚುಗೀಸ್ ಬಂದೂಕುದಾರರೂ ಇದ್ದರು. ಅವರ ಜೋಳಿಗೆಯಲ್ಲಿ ಮೆಣಸಿನಕಾಯಿ ಇತ್ತು ಅಂತ ನಾನು ಹೇಳುತ್ತಿಲ್ಲ. ಹೊಸ ಬೆಳೆಗಳು ಹಡಗಿನಿಂದ ಇಳಿದು ಒಳನಾಡಿಗೆ ಬರುವುದಕ್ಕೆ ದಾರಿ ತೆರೆದದ್ದು ಆ ಕಾಲ, ಅಷ್ಟೇ. ನಮ್ಮವರು ಹೊಸ ಕಾಯಿಗೆ ಹೊಸ ಹೆಸರನ್ನೂ ಹುಡುಕಲಿಲ್ಲ. ಮೆಣಸಿನಂತೆ ಖಾರ, ಆದ್ದರಿಂದ ಮೆಣಸಿನಕಾಯಿ. ತೆಲುಗಿನವರೂ ಮಿರಿಯಾಲು ಇಟ್ಟುಕೊಂಡು ಮಿರಪಕಾಯ ಅಂದರು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಹಳೆಯ ಖಾತೆಯಲ್ಲೇ ಹೊಸ ಜಮಾ. ಕುಂಬಳದ ಕಥೆಯೂ ಅದೇ. ಆಯುಧಪೂಜೆಗೆ ಒಡೆಯುವ ಬೂದುಗುಂಬಳ ಇಲ್ಲಿಯ ಹಳಬ, ಸಿಹಿಗುಂಬಳ ಅಮೆರಿಕದಿಂದ ಬಂದವ.

ಇನ್ನು ಸೀತಾಫಲ! ಹೆಸರಿನಲ್ಲೇ ಸೀತಮ್ಮ ಇದ್ದಾಳೆ, ಆದರೆ ಅದರ ತವರೂ ಅಮೆರಿಕವೇ. ಭಾರ್ಹುತದ ಶಿಲ್ಪಗಳಲ್ಲಿ ಈ ಹಣ್ಣು ಕಾಣುತ್ತದೆ ಎಂದು ಕನ್ನಿಂಗ್‌ಹ್ಯಾಮ್ ವಾದಿಸಿದ್ದ. 1886ರಲ್ಲಿ ಬಂದ 'ಹಾಬ್ಸನ್-ಜಾಬ್ಸನ್' ನಿಘಂಟು ಆ ವಾದವನ್ನು ಎತ್ತಿಕೊಂಡು ಉದ್ದಕ್ಕೆ ಚರ್ಚಿಸಿದೆ. ಅಷ್ಟರಮಟ್ಟಿಗೆ ಈ ಹಣ್ಣು ದಖ್ಖನಿನ ಕಲ್ಲುಗುಡ್ಡಗಳಲ್ಲಿ ಇಲ್ಲಿಯದೇ ಆಗಿಬಿಟ್ಟಿತ್ತು. ಪಾಲಮೂರಿನ (ಮಹಬೂಬ್‌ನಗರ) ಕಡೆಯಿಂದ ಬರುವ ಸೀತಾಫಲವನ್ನು ನಾವು ಪಕ್ಕದ ಕೊತ್ತಪೇಟೆಯ ಗಡ್ಡಿಅನ್ನಾರಂ ಹಣ್ಣಿನ ಮಾರುಕಟ್ಟೆಯಲ್ಲಿ ಬುಟ್ಟಿಗಟ್ಟಲೆ ಕೊಳ್ಳುತ್ತಿದ್ದೆವು. 1986ರಲ್ಲಿ ಅಲ್ಲಿಗೆ ಬಂದಿದ್ದ ಆ ಮಾರುಕಟ್ಟೆಯನ್ನು 2021ರಲ್ಲಿ ಮುಚ್ಚಿ ಬಾಟಸಿಂಗಾರಂಗೆ ಸಾಗಿಸಿದರು. ಈಗ ಬೀದಿಯ ಬುಟ್ಟಿಯೇ ಗತಿ.

ಮಹಾಲಯ ಅಮಾವಾಸ್ಯೆಯ ದಿನವೇ ನೆರೆಮನೆಯವರ ಬತುಕಮ್ಮ ಶುರು. ಅವರು ಕುಂಬಳದ ಹೂವನ್ನೂ ಜೋಡಿಸುತ್ತಾರೆ. ಒಂಬತ್ತನೆಯ ದಿನ ಸದ್ದುಲ ಬತುಕಮ್ಮನಿಗೆ ಹುಳಿಯನ್ನ, ಮೊಸರನ್ನ ನಮ್ಮ ಮನೆಗೂ ಬರುತ್ತದೆ. ಕೆಲವೇ ದಿನಗಳಲ್ಲಿ ಸೀಗಿ ಹುಣ್ಣಿಮೆ. ಊರಲ್ಲಾದರೆ ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು. ಇಲ್ಲಿ ಹೊಲ ಎಲ್ಲಿದೆ? ಬಾಲ್ಕನಿಯ ತುಳಸಿ ಕುಂಡಕ್ಕೇ ಚರಗ!

ಅಂದು ನಮ್ಮ ತಾಯಿ ಮಾಡುತ್ತಿದ್ದ ಅಡಿಗೆಯನ್ನೇ ನಮ್ಮ ಮನೆಯವರು ಮಾಡುತ್ತಾರೆ. ಸಾಸಿವೆ ಒಗ್ಗರಣೆಗೆ ಹಸಿಮೆಣಸಿನಕಾಯಿ ಸೀಳಿ ಹಾಕಿ, ಸಿಹಿಗುಂಬಳದ ಹೋಳು ಮೆತ್ತಗಾದ ಮೇಲೆ ಚೂರು ಬೆಲ್ಲ, ಒಣಕೊಬ್ಬರಿ, ಗುರೆಳ್ಳು ಪುಡಿ. ಜೊತೆಗೆ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಶೇಂಗಾ ಕೂಡ ದಕ್ಷಿಣ ಅಮೆರಿಕದ್ದೇ ನೋಡಿ. ಮಗನಿಗೆ ನಾನು ಹೇಳಿದ್ದು ಇಷ್ಟೇ: ಪಕ್ಷದ ಎಡಿ ಅಜ್ಜಿಯ ಅಜ್ಜಿಯ ಅಜ್ಜಿಯಂದಿರ ರುಚಿ, ಅಜ್ಜಿಯ ರುಚಿ ಹುಣ್ಣಿಮೆಗೆ ಬರ್ತದ, ತಡಿ.

ಮೆಣಸಿನಕಾಯಿಯನ್ನು ನಮ್ಮದು ಮಾಡಿಕೊಂಡದ್ದೂ, ಅದಿಲ್ಲದ ಒಂದು ದಿನವನ್ನು ಉಳಿಸಿಕೊಂಡದ್ದೂ ನಮ್ಮವರೇ. ಇಂದು ಪಕ್ಷದ ಅಡಿಗೆಯನ್ನು ಅಡಿಗೆಯವರಿಗೆ ವಹಿಸಿಬಿಡುವ ಮನೆಗಳೇ ಹೆಚ್ಚು. ಯಾವ ಕಾಯಿ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಅನ್ನುವ ಪಟ್ಟಿ ಬಹಳಷ್ಟು ಮನೆಗಳಲ್ಲಿ ಹಿರಿಯ ಹೆಣ್ಣುಮಕ್ಕಳ ಬಾಯಲ್ಲಿ ಮಾತ್ರ ಇದೆ. ನಿಮ್ಮ ಮನೆಯಲ್ಲಿ ಅಂಥ ಅತ್ತೆಯೋ ದೊಡ್ಡಮ್ಮನೋ ಇದ್ದರೆ, ಈ ಸಲ ಪಕ್ಷಕ್ಕೆ ಮೊದಲು ಪಕ್ಕದಲ್ಲಿ ಕೂತು ಅದನ್ನೊಂದು ಹಾಳೆಯ ಮೇಲೆ ಬರೆದುಕೊಳ್ಳಿ. ಚರಿತ್ರೆಯ ಪುಸ್ತಕದಲ್ಲಿ ಅದು ಸಿಗುವುದಿಲ್ಲ.