ಬಡತನದ ಲೆಕ್ಕ, ಪಿಂಚಣಿಯ ಲೆಕ್ಕ

ಬಡತನಕ್ಕೊಂದು ಗೆರೆ ಇದೆಯೆಂಬುದು ನಮ್ಮ ಹೆಂಗಸರಿಗೆ ತಿಳಿದದ್ದು ಅರ್ಥಶಾಸ್ತ್ರದ ಪುಸ್ತಕದಿಂದಲ್ಲ, ರೇಷನ್ ಕಾರ್ಡಿನಿಂದ. 1997ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪಡಿತರವನ್ನು ಬಡವರಿಗೊಂದು ದರ, ಉಳಿದವರಿಗೊಂದು ದರ ಎಂದು ವಿಂಗಡಿಸಿದ ಮೇಲೆ ‘ಬಿಪಿಎಲ್’ ಎನ್ನುವುದು ಅಡುಗೆಮನೆಯ ಮಾತಾಯಿತು. ಸೀಮೆಎಣ್ಣೆ, ಸಕ್ಕರೆ ಎಂದ ಹಾಗೆ ಅದೂ ಒಂದು ಪದಾರ್ಥವೇನೋ ಎಂಬಂತೆ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಆ ಗೆರೆಯನ್ನು ಎಳೆಯುವಾಗ ಗಂಡ ದುಡಿದಿಟ್ಟು ಹೋದ ಸಣ್ಣ ಪಿಂಚಣಿಯನ್ನು ಎಲ್ಲಿ ಬರೆದುಕೊಳ್ಳುತ್ತಾರೆ ಎಂಬುದರ ಬಗ್ಗೆ ಮಾತ್ರ ಅಷ್ಟಾಗಿ ಯಾರೂ ಮಾತಾಡಲಿಲ್ಲ. ಭದ್ರಾವತಿಯ ನ್ಯೂಟೌನ್, ಕಾಗದನಗರದ ಓಣಿಗಳಲ್ಲಿ, ಶಿವಮೊಗ್ಗದ ಮಗ್ಗುಲಿನ ಸೋಗಾನೆಯಲ್ಲಿ ಅದು ದಿನನಿತ್ಯದ ಪ್ರಶ್ನೆ.

ಸತ್ತವನ ಮನೆಯವರಿಗೆ ಜೀವನಾಧಾರ ಕೊಡುವ ಪದ್ಧತಿ ನಮ್ಮ ಸೀಮೆಗೆ ಹೊಸದಲ್ಲ. ಬಿ. ಎಲ್. ರೈಸ್ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಅಚ್ಚು ಮಾಡಿಸಿದರು. ಅವುಗಳಲ್ಲಿ ವೀರಗಲ್ಲುಗಳಿಗೆ ಲೆಕ್ಕವಿಲ್ಲ. ತುರುಗಾಳಗದಲ್ಲೋ ಊರಳಿವಿನಲ್ಲೋ ಮಡಿದವನ ಕುಟುಂಬಕ್ಕೆ ಬಿಟ್ಟುಕೊಡುತ್ತಿದ್ದ ಹೊಲವನ್ನು ನೆತ್ತರುಕೊಡಗೆ ಎನ್ನುತ್ತಿದ್ದರು. ಹೆಸರೇ ಹೇಳುವಂತೆ ಅದು ನೆತ್ತರಿಗೆ ಕೊಟ್ಟದ್ದು, ಬಡತನಕ್ಕೆ ಕೊಟ್ಟದ್ದಲ್ಲ. ನಿನಗೆ ಬೇರೆ ಹೊಲ ಇದೆಯೇ ಎಂದು ಕೇಳಿ ಕೊಡುವ ದಾನ ಅದಾಗಿರಲಿಲ್ಲ.

ಕಾರ್ಖಾನೆಯ ಪಿಂಚಣಿಯೂ ಮೂಲದಲ್ಲಿ ಇದೇ ಜಾತಿಯದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸ 1918ರಲ್ಲಿ ಶುರುವಾಯಿತು, 1923ರಲ್ಲಿ ಕುಲುಮೆ ಉರಿಯಿತು. 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿತು. ಸಂಬಳದಲ್ಲಿ ಮುರಿದುಕೊಳ್ಳುವ ಭವಿಷ್ಯನಿಧಿಗೆ ಕಾನೂನು ಬಂದದ್ದು 1952ರಲ್ಲಿ. 1971ರಲ್ಲಿ ಕುಟುಂಬ ಪಿಂಚಣಿ, 1995ರ ನವೆಂಬರ್ 16ರಿಂದ ಈಗಿನ ನೌಕರರ ಪಿಂಚಣಿ ಯೋಜನೆ. ಪಿಂಚಣಿ ಎನ್ನುವುದು ಧಣಿಯ ಕೃಪೆಯಲ್ಲ, ದುಡಿದಾಗ ಕೊಡದೆ ಹಿಂದೆ ಇಟ್ಟುಕೊಂಡ ಕೂಲಿ ಎಂಬ ಅರ್ಥದ ತೀರ್ಪನ್ನು 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ನಕಾರಾ ಎಂಬುವರ ಮೊಕದ್ದಮೆಯಲ್ಲಿ ಕೊಟ್ಟಿತು. ಅದು ಸರ್ಕಾರಿ ನಿವೃತ್ತರ ಮೊಕದ್ದಮೆಯಾದರೂ ಮಾತು ಎಲ್ಲರಿಗೂ ಸಲ್ಲುವಂಥದು. ಇಂದಿಗೂ ನಿವೃತ್ತರು ಆ ದಿನವನ್ನು ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ.

ಆದರೆ ಆ ಹಿಂದಿಟ್ಟ ಕೂಲಿ ಎಷ್ಟು? ಲೆಕ್ಕ ಸುಲಭ. ಪಿಂಚಣಿಗೆ ಹಿಡಿದ ಸಂಬಳವನ್ನು ದುಡಿದ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 5,000 ರೂಪಾಯಿ ಸಂಬಳದ ಮೇಲೆ 14 ವರ್ಷ ದುಡಿದ ಗುತ್ತಿಗೆ ಕಾರ್ಮಿಕನಿಗೆ ತಿಂಗಳಿಗೆ 1,000 ರೂಪಾಯಿ. ಅವನು ಹೋದ ಮೇಲೆ ಹೆಂಡತಿಗೆ ಅದರ ಅರ್ಧ. 1995ರ ಯೋಜನೆಯಲ್ಲಿ ವಿಧವೆಗೆ ಇದ್ದ ಕನಿಷ್ಠ ಮಿತಿ ತಿಂಗಳಿಗೆ 450. 2014ರ ಸೆಪ್ಟೆಂಬರ್‌ನಲ್ಲಿ ಕನಿಷ್ಠವನ್ನು 1,000ಕ್ಕೆ ಏರಿಸಿದರು. ಅಲ್ಲಿಗೇ ನಿಂತಿದೆ.

ಇನ್ನೊಂದು ದಿಕ್ಕಿನಿಂದ ನೆರವು ಬೆಳೆಯುತ್ತ ಬಂತು. ನಿರ್ಗತಿಕ ವೃದ್ಧರಿಗೆ ವೇತನ ಮೈಸೂರು ರಾಜ್ಯದಲ್ಲಿ ಮೊದಲಾದದ್ದು 1965ರಲ್ಲಿ. ನಿರ್ಗತಿಕ ವಿಧವೆಯರಿಗೆ 1984ರಲ್ಲಿ. 1995ರ ಆಗಸ್ಟ್ 15ರಿಂದ ಕೇಂದ್ರ ಸರ್ಕಾರ ತನ್ನ ಪಾಲೆಂದು ತಿಂಗಳಿಗೆ 75 ರೂಪಾಯಿ ಸೇರಿಸಿತು. 2007ರಲ್ಲಿ ಕರ್ನಾಟಕ ಸಂಧ್ಯಾ ಸುರಕ್ಷಾ ಯೋಜನೆಯನ್ನು ತಂದಿತು. 65 ದಾಟಿದ ಸಣ್ಣ ರೈತರು, ಕೂಲಿಗಳು, ನೇಕಾರರಂಥವರಿಗೆ ತಿಂಗಳಿಗೆ 400. ಅದರ ಷರತ್ತುಗಳನ್ನು ಓದಿ ನೋಡಿ. ಗಂಡಹೆಂಡಿರ ಒಟ್ಟು ಆದಾಯ ವರ್ಷಕ್ಕೆ 20,000 ಮೀರಬಾರದು (ಮುಂದೆ ಇದು 32,000 ಆಯಿತು). ಇಬ್ಬರ ಠೇವಣಿ ಸೇರಿ 10,000 ಮೀರಬಾರದು. ಸರ್ಕಾರಿಯೋ ಖಾಸಗಿಯೋ, ಯಾವ ಮೂಲದಿಂದಲೂ ಬೇರೆ ಪಿಂಚಣಿ ಬರುತ್ತಿರಬಾರದು.

ಮೂರನೆಯ ಷರತ್ತಿನಲ್ಲಿ ಮೊತ್ತವೇ ಇಲ್ಲ ಎನ್ನುವುದನ್ನು ಗಮನಿಸಬೇಕು. ಆದಾಯಕ್ಕೆ ಮಿತಿ ಹೇಳಿದವರು ಪಿಂಚಣಿಗೆ ಮಿತಿ ಹೇಳಲಿಲ್ಲ. ತಿಂಗಳಿಗೆ 450 ರೂಪಾಯಿಯಾದರೂ ಅದು ಪಿಂಚಣಿಯೇ, ಬಾಗಿಲು ಮುಚ್ಚಿತು. 2021ರ ಜುಲೈನಲ್ಲಿ ಸಂಧ್ಯಾ ಸುರಕ್ಷಾ 1,200 ರೂಪಾಯಿಗೆ ಏರಿದಾಗ ಒಂದು ವಿಚಿತ್ರ ನಡೆಯಿತು. ಸಂಬಳದಿಂದ ಭವಿಷ್ಯನಿಧಿಗೆ ಮುರಿಸಿಕೊಂಡವನ ವಿಧವೆಗೆ 1,000. ಅದ್ಯಾವುದೂ ಇಲ್ಲದ ಪಕ್ಕದ ಮನೆಯ ಮುದುಕಿಗೆ 1,200. ಆ ಮುದುಕಿಯ ಮೇಲೆ ಹೊಟ್ಟೆಕಿಚ್ಚು ಪಡುವಂಥದೇನಿಲ್ಲ. 1,200ರಲ್ಲಿ ಅವಳೇನು ಅರಮನೆ ಕಟ್ಟುವುದಿಲ್ಲ. ಆದರೂ ಗಂಡನ ಬೆವರಿನಿಂದಲೇ ತಾನು 200 ಕಳೆದುಕೊಂಡೆ ಎಂದು ಆ ವಿಧವೆಗೆ ಅನ್ನಿಸಿದರೆ ಅದಕ್ಕೆ ಏನು ಉತ್ತರ ಹೇಳುವುದು?

ಈ ಪ್ರಶ್ನೆ ನೂರು ವರ್ಷಕ್ಕೂ ಹಳೆಯದು. 1908ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ವೃದ್ಧಾಪ್ಯ ವೇತನದ ಕಾನೂನು ಮಾಡಿತು. 1909ರ ಜನವರಿ 1ರಿಂದ 70 ದಾಟಿದ ಬಡವರು ಅಂಚೆ ಕಚೇರಿಗೆ ಹೋಗಿ ವಾರಕ್ಕೆ ಐದು ಶಿಲಿಂಗ್ ತರತೊಡಗಿದರು. ವರ್ಷದ ಆದಾಯ 21 ಪೌಂಡ್ ಮೀರಿದರೆ ವೇತನ ಕಡಿಮೆಯಾಗುತ್ತ ಹೋಗಿ, 31 ಪೌಂಡ್ 10 ಶಿಲಿಂಗ್ ದಾಟಿದರೆ ಏನೂ ಇಲ್ಲ. ವಾರವಾರ ಪುಡಿಗಾಸು ಕಟ್ಟಿ ಸಹಾಯ ಸಂಘಗಳಲ್ಲಿ ಮುಪ್ಪಿಗೆಂದು ಕೂಡಿಟ್ಟ ಕಾರ್ಮಿಕರಿಗೆ ಇದು ನುಂಗಲಾರದ ತುತ್ತಾಯಿತು. ಕೂಡಿಟ್ಟದ್ದು ಆದಾಯವೆಂದು ಲೆಕ್ಕಕ್ಕೆ ಬಂತು. 1925ರಲ್ಲಿ ವಿಮೆ ಕಟ್ಟಿದವರಿಗೆ, ಅವರ ವಿಧವೆಯರಿಗೆ, ಆದಾಯ ಕೇಳದೆ ಪಿಂಚಣಿ ಕೊಡುವ ಬೇರೆ ಕಾನೂನು ಮಾಡಿ ಆ ಗಂಟನ್ನು ಸ್ವಲ್ಪ ಸಡಿಲಿಸಿದರು. ಆದರೆ 1931ರಲ್ಲಿ ನಿರುದ್ಯೋಗಿಗಳ ಮನೆಯ ಪ್ರತಿಯೊಬ್ಬರ ಗಳಿಕೆಯನ್ನೂ ಕೂಡಿ ಲೆಕ್ಕ ಹಾಕುವ ಪದ್ಧತಿ ಬಂತು. ಮಗಳ ಕೂಲಿ ಅಪ್ಪನ ನೆರವನ್ನು ಕಡಿಯತೊಡಗಿತು. ದುಡಿಯುವ ಮಕ್ಕಳು ಮನೆ ಬಿಟ್ಟು ಬೇರೆ ಬಿಡಾರ ಹೂಡಿದರು. 1941ರಲ್ಲಿ ಅದನ್ನು ತೆಗೆದುಹಾಕುವವರೆಗೂ ಜನ ಅದನ್ನು ಶಪಿಸಿದರು.

ಇದನ್ನು ಓದುವಾಗ ನನಗೆ ನಮ್ಮ ರೇಷನ್ ಕಾರ್ಡಿನ ನೆನಪಾಯಿತು. ಸಂಧ್ಯಾ ಸುರಕ್ಷಾ ಗಂಡಹೆಂಡಿರನ್ನಷ್ಟೇ ಲೆಕ್ಕಕ್ಕೆ ಹಿಡಿದಿದೆ. ನೋಡಿಕೊಳ್ಳದ ಮಕ್ಕಳಿದ್ದರೂ ನೆರವು ಸಿಗುತ್ತದೆ. ಈ ಮಟ್ಟಿಗೆ ಅದನ್ನು ಬರೆದವರಿಗೆ ಮನೆಯೊಳಗಿನ ಸಂಗತಿ ಗೊತ್ತಿತ್ತು. ಕಾರ್ಡು ಹಾಗಲ್ಲ, ಅದು ಇಡೀ ಸಂಸಾರದ್ದು. ವರ್ಷಕ್ಕೆ 1,20,000 ಆದಾಯ, ಮೂರು ಹೆಕ್ಟೇರ್ ಖುಷ್ಕಿ, ಪಟ್ಟಣದಲ್ಲಾದರೆ ಸಾವಿರ ಚದರಡಿ ಮನೆ, ಸ್ವಂತದ ಕಾರು: ಇವೇ ಎಲ್ಲೆಗಳು. ಅತ್ತೆಯ ಪಿಂಚಣಿ, ಮಗನ ಸಂಬಳ, ಸೊಸೆಯ ಹೊಲಿಗೆಯ ದುಡ್ಡು ಒಂದೇ ಗಂಟಿಗೆ ಬೀಳುತ್ತವೆ. ಒಂದು ಒಲೆಯ ಮನೆಯಲ್ಲಿ ಎರಡು ಕಾರ್ಡು ಮಾಡಿಸುವುದನ್ನು ಜನರ ಕಪಟವೆಂದು ಬೈಯುವುದು ಸುಲಭ.

ಕಾರ್ಡು ಹೋದರೆ ಅಕ್ಕಿಯಷ್ಟೇ ಹೋಗುವುದಿಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಸಂಸಾರಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಉಳಿದವರಿಗೆ ನಿಗದಿತ ವೆಚ್ಚದ ಶೇ. 30 ಮಾತ್ರ, ಅದೂ ಒಂದೂವರೆ ಲಕ್ಷದೊಳಗೆ. ಮಂಡಿ, ಹೃದಯ, ಕಣ್ಣು ಎಂದು ಓಡಾಡುವ ವಯಸ್ಸಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಆಸ್ತಿಯ ಲೆಕ್ಕವಂತೂ ಇನ್ನೂ ವಿಚಿತ್ರ. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕೆಲಸ ಬಿಟ್ಟವನು ಕೈಗೆ ಬಂದ 15 ಲಕ್ಷವನ್ನು ಶೇ. 8ರ ಬಡ್ಡಿಗೆ ಇಟ್ಟನೆನ್ನಿ, ಬಡ್ಡಿ 1,20,000 ಆಗುತ್ತದೆ. ಸಂಸಾರ ಗೆರೆಗೆ ಮೂಗು ತಾಗಿಸಿ ನಿಂತ ಹಾಗೆ. ಅದೇ ಹಣದಲ್ಲಿ ಬೀಳು ಜಮೀನು ಕೊಂಡು ಸುಮ್ಮನಿದ್ದರೆ ಆದಾಯ ಸೊನ್ನೆ.

ಸೋಗಾನೆಯಲ್ಲಿ ಈ ಮಾತನ್ನು ತಿರುಗಿಸಿ ನೋಡಬಹುದು. ಅಲ್ಲಿ ವಿಮಾನ ನಿಲ್ದಾಣಕ್ಕೆ 2008ರಲ್ಲಿ ಅಡಿಗಲ್ಲು ಬಿತ್ತು, 2023ರ ಫೆಬ್ರವರಿ 27ರಂದು ಕುವೆಂಪು ಅವರ ಹೆಸರಿನ ನಿಲ್ದಾಣ ಉದ್ಘಾಟನೆಯಾಯಿತು. ಇಂಥ ಕಡೆ ಎರಡೆಕರೆ ಖುಷ್ಕಿ ಇದ್ದ ಮುದುಕಿ, ನೆಲದ ಬೆಲೆ ಎಷ್ಟೇ ಏರಿದರೂ ಕಾಗದದ ಮೇಲೆ ಬಡವೆ. ನೆಲ ಹೋಗಿ ಪರಿಹಾರದ ಹಣ ಪಾಸ್‌ಬುಕ್ಕಿಗೆ ಬಿದ್ದ ದಿನ 10,000ದ ಗೆರೆ ದಾಟಿ ಸಿರಿವಂತೆ. ಉಂಡ ಜೋಳ, ರಾಗಿ ಲೆಕ್ಕಕ್ಕೆ ಬರುತ್ತಿರಲಿಲ್ಲ, ಬ್ಯಾಂಕಿನ ಬಡ್ಡಿ ಬರುತ್ತದೆ. ಮೈಮೇಲಿನ ಬಳೆ, ಮೂಗುತಿಯನ್ನು ಯಾರೂ ತೂಗುವುದಿಲ್ಲ. ಬಂಗಾರ ಬಿಟ್ಟು ಬ್ಯಾಂಕಿನಲ್ಲಿ ಉಳಿಸಿ ಎಂದು ಸ್ತ್ರೀಶಕ್ತಿ ಸಂಘಗಳಲ್ಲಿ ಕಲಿತ ಹೆಂಗಸರಿಗೆ ನಮ್ಮ ಅಜ್ಜಿಯರ ಜಾಣತನ ಈಗ ಅರ್ಥವಾಗುತ್ತಿರಬೇಕು.

2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿ ಈ ದಾರಿಯನ್ನು ಹಿಡಿಯಲಿಲ್ಲ. ಮನೆಯ ಯಜಮಾನಿಗೆ ತಿಂಗಳಿಗೆ 2,000. ಆಕೆಯೋ ಗಂಡನೋ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿದ್ದರೆ ಇಲ್ಲ. ಹೆಂಗಸಿನ ಪಾಸ್‌ಬುಕ್ ಬಿಚ್ಚಿಸುವ ಅಗತ್ಯ ಬೀಳಲಿಲ್ಲ. ಅದರ ಬಗ್ಗೆ ನೂರೆಂಟು ಆಕ್ಷೇಪ ಕೇಳಿದ್ದೇನೆ, ಕೆಲವು ನಿಜವೂ ಹೌದು. ಆದರೆ ಈ ಒಂದು ಗುಣ ನನಗೆ ಹಿಡಿಸಿತು.

ಕನಿಷ್ಠ ಪಿಂಚಣಿಯನ್ನು 1,000ದಿಂದ 7,500ಕ್ಕೆ ಏರಿಸಬೇಕೆಂದು ಕಾರ್ಖಾನೆ ನಿವೃತ್ತರು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದಾರೆ. ಅದು ಸಿಗಲಿ ಎಂದೇ ನನ್ನ ಆಸೆ. ಸಿಕ್ಕ ದಿನ ಭದ್ರಾವತಿಯ ನಮ್ಮ ವಿಧವೆಗೆ ವರ್ಷಕ್ಕೆ 90,000 ಬರುತ್ತದೆ. ಗೆರೆ ಈಗಿರುವಲ್ಲೇ ಇದ್ದರೆ, ಅವಳ ಮಗ ತಿಂಗಳಿಗೆ 2,500ಕ್ಕಿಂತ ಒಂದು ರೂಪಾಯಿ ಹೆಚ್ಚು ದುಡಿದರೂ ಆ ಮನೆಯ ಕಾರ್ಡು ಹೋಗಬೇಕಾಗುತ್ತದೆ.