ನದಿಗಿಂತ ಮೊದಲು ಒಂದು ಊಟ

ವಿಲಿಯಂ ಕೇರಿ ಎಂಬ ಹೆಸರು ನನಗೆ ಮೊದಲು ಸಿಕ್ಕಿದ್ದು 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾದ ಒಂದು ಕನ್ನಡ ವ್ಯಾಕರಣದ ಮುಖಪುಟದಲ್ಲಿ. ಅವನ ಬೆನ್ನು ಹತ್ತಿ ಹೋದವಳು ಹೂಗ್ಲಿ ನದಿಯ ದಂಡೆಯಲ್ಲಿ ನಿಂತುಬಿಟ್ಟೆ.

1800ರ ಡಿಸೆಂಬರ್ 28, ಭಾನುವಾರ. ಮಿಷನ್ ಮನೆಯ ಎದುರಿನ ನದಿಗೆ ಕೇರಿ ಇಳಿಯುತ್ತಾನೆ. ಮೊದಲು ತನ್ನ ಮಗ ಫೆಲಿಕ್ಸ್‌ನನ್ನು ನೀರಿನಲ್ಲಿ ಮುಳುಗಿಸಿ ಎತ್ತುತ್ತಾನೆ. ಆಮೇಲೆ ಬಡಗಿ ಕೃಷ್ಣ ಪಾಲನನ್ನು. ದಂಡೆಯ ಮೇಲೆ ಯುರೋಪಿಯನ್ನರು, ಹಿಂದೂಗಳು, ಮುಸ್ಲಿಮರು. ಡೇನಿಶ್ ಗವರ್ನರ್ ಓಲೆ ಬೀ ಕಣ್ಣೀರು ಹಾಕಿದನಂತೆ. ಜನ ನೋಡುವುದು ಗಂಗೆಯನ್ನು ಎಂದು ಗೊತ್ತಿದ್ದ ಕೇರಿ, ಈ ನದಿ ನಮಗೆ ಪವಿತ್ರವಲ್ಲ, ಇದು ಬರಿಯ ನೀರು ಎಂದು ಬಿಡಿಸಿ ಹೇಳಿದ. 1793ರಲ್ಲಿ ಬಂದವನಿಗೆ ಏಳು ವರ್ಷಗಳ ನಂತರ ದೊರೆತ ಮೊದಲ ಬಂಗಾಳಿ ದೀಕ್ಷಾಸ್ನಾನ ಇದು. ಮಿಷನ್ ಚರಿತ್ರೆಗಳು ಕಥೆಯನ್ನು ಇಲ್ಲಿಂದಲೇ ಆರಂಭಿಸುತ್ತವೆ.

ಆದರೆ ಅಂದು ನದಿಯ ಬಳಿ ಗಲಾಟೆಯೇ ಆಗಲಿಲ್ಲ. ಗಲಾಟೆಯಾದದ್ದು ಆರು ದಿನ ಮೊದಲು, ಒಂದು ಊಟಕ್ಕೆ.

ನವೆಂಬರಿನಲ್ಲಿ ಕೃಷ್ಣ ಸ್ನಾನಕ್ಕೆ ಹೋಗಿ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದ. ತಪ್ಪಿದ ಭುಜದ ಕೀಲನ್ನು ಕೂರಿಸಿದವನು ಮಿಷನ್ನಿನ ವೈದ್ಯ ಜಾನ್ ಥಾಮಸ್. ಹೀಗೆ ಬೆಳೆದ ಒಡನಾಟ ಡಿಸೆಂಬರ್ 22ರಂದು ಊಟದ ಮೇಜಿಗೆ ಬಂತು. ಕೃಷ್ಣ ಮತ್ತು ಅವನ ಗೆಳೆಯ ಗೋಕುಲ್ ಎಲ್ಲರೂ ನೋಡುವಂತೆ ಮಿಷನರಿಗಳ ಜೊತೆ ಕುಳಿತು ಉಂಡರು. ಸುದ್ದಿ ಹಬ್ಬಿ ಸಾವಿರಾರು ಜನ ಸೇರಿದರು, ಇಬ್ಬರನ್ನೂ ಬೈಯುತ್ತಾ ನ್ಯಾಯಾಧಿಕಾರಿಯ ಬಳಿಗೆ ಎಳೆದೊಯ್ದರು. ಅವನು ಬಿಟ್ಟು ಕಳಿಸಿದ. ಜಾತಿ ಹೋದದ್ದು ಅನ್ನದಿಂದ. ನೀರು ಬಂದದ್ದು ಆಮೇಲೆ.

ಹಾಗೆಂದು ಎಲ್ಲರೊಡನೆ ಕೂತು ಉಣ್ಣುವುದನ್ನು ಕೃಷ್ಣ ಮಿಷನರಿಗಳಿಂದಲೇ ಕಲಿತ ಎನ್ನಲು ನನಗೆ ಮನಸ್ಸಿಲ್ಲ. ಅವನು ಮೊದಲು ಕರ್ತಾಭಜಾ ಪಂಥದವನು. ಆ ಪಂಥದ ಕೂಟಗಳಲ್ಲಿ ಜಾತಿ ಲೆಕ್ಕಕ್ಕಿರಲಿಲ್ಲ. ಹೊರಗೆ ಬಂದರೆ ಎಲ್ಲರೂ ತಂತಮ್ಮ ಜಾತಿಯ ಕಟ್ಟಳೆಗೆ ಮರಳುತ್ತಿದ್ದರು. ಹಾಗಾದರೆ ಅಂದು ಹೊಸದಾಗಿದ್ದದ್ದು ಊಟವಲ್ಲ, ಅದನ್ನು ಹಗಲಲ್ಲಿ ಮಾಡಿದ್ದು.

ನದಿಗೆ ಇಳಿಯಬೇಕಾದವರು ಇನ್ನೂ ಇದ್ದರು: ಗೋಕುಲ್, ಕೃಷ್ಣನ ಹೆಂಡತಿ ರಸಮಯಿ, ನಾದಿನಿ ಜಯಮಣಿ. ಆ ಗಲಾಟೆಯ ನಂತರ ಮೂವರೂ ಹಿಂದೆ ಸರಿದರು. ಇದನ್ನು ಅಂಜಿಕೆ ಎಂದು ಬರೆದು ಮುಂದೆ ಹೋಗುವುದು ಸುಲಭ. ಬೀದಿಯಲ್ಲಿ ಬೈಗುಳ ಕೇಳಿದ ಮನೆಯೊಳಗೆ ಆ ಆರು ರಾತ್ರಿ ನಡೆದ ಮಾತು ಯಾವ ದಿನಚರಿಯಲ್ಲೂ ಇಲ್ಲ. ಮೂವರೂ ಮರುವರ್ಷ ದೀಕ್ಷೆ ಪಡೆದರು.

ಅತ್ತ ಮಿಷನ್ ಆವರಣದಲ್ಲೂ ಇಬ್ಬರು ದಂಡೆಗೆ ಬರಲಿಲ್ಲ. ಬಹುಕಾಲ ಕಾದಿದ್ದ ಥಾಮಸ್ ಸಂತೋಷದ ಭರದಲ್ಲಿ ಬುದ್ಧಿಯ ಸ್ತಿಮಿತ ಕಳೆದುಕೊಂಡಿದ್ದ. ಅವನನ್ನು ಕೂಡಿ ಹಾಕಿದ್ದರು. ಕೇರಿಯ ಹೆಂಡತಿ ಡೊರೊಥಿಯೂ ಕೋಣೆಯೊಳಗಿದ್ದಳು. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ ಮೇಲೆ ಅವಳ ಮನಸ್ಸು ಕದಡಿತ್ತು. ಆ ಮಗುವಿನ ಶವ ಹೊರಲು ಜಾತಿಯ ಕಾರಣಕ್ಕೆ ಜನ ಸಿಗುವುದೇ ಕಷ್ಟವಾಗಿತ್ತು. ತನ್ನ ಹಿರಿಯ ಮಗ ನೀರಿಗಿಳಿದದ್ದನ್ನು ಅವಳಿಗೆ ಯಾರಾದರೂ ಹೇಳಿದರೋ ಎಂದು ನಾನು ಹುಡುಕಿದೆ, ಸಿಗಲಿಲ್ಲ.

1803ರಲ್ಲಿ ಕೃಷ್ಣನ ಮಗಳನ್ನು ಕೃಷ್ಣಪ್ರಸಾದ್ ಎಂಬವನು ಮದುವೆಯಾದ. ಅವನು ಕ್ರೈಸ್ತನಾಗಿದ್ದ ಬ್ರಾಹ್ಮಣ. ಕೃಷ್ಣನ ಮನೆಯ ಮುಂದಿನ ಮರದಡಿ ಕೇರಿಯೇ ಮದುವೆ ಮಾಡಿಸಿದ. ಅಂದಿನ ಊಟ ಕೃಷ್ಣನ ಮನೆಯಲ್ಲಿ. ಈ ಸಲ ಉಣ್ಣಲು ಬಂದವರು ಮಿಷನರಿಗಳು.